ಅವ್ವ ಹಾಲೆರೆದ ಗುಡ್ಡೆ

ಅವ್ವ ಹಾಲೆರೆದ ಮಣ್ಣಿನ ಗುಡ್ಡೆ ಅಲುಗಿತು. ಅಂದು ನಾಗರಪಂಚಮಿ. ಅಮೆರಿಕದ ಸ್ಯಾನ್ ಹೊಸೆಯ ನಮ್ಮ ಲಾನಿನಲ್ಲಿ ಮೋಲ್ ಎಂಬ, ನೆಲದೊಳಗೇ ತೋಡಿಕೊಂಡು ಬಾಳುವ ಇಲಿಯಂಥ ಪ್ರಾಣಿ ಎಬ್ಬಿಸಿದ್ದ ಗುಡ್ಡೆಯನ್ನು, ಗದಗಿನಿಂದ ಬಂದಿದ್ದ ಅವ್ವ ಹುತ್ತವೆಂದೇ ತಿಳಿದಿದ್ದಳು. ಮನೆತನದಲ್ಲೇ ಮೊದಲು ಡಿಗ್ರಿ ಪಡೆದು, ದುಡಿದು ಕೊಂಡ ಮನೆ ನನ್ನದು. ಲಾನು ಹಾಳಾಗುವುದನ್ನು ಸಹಿಸದೆ ಮೋಲನ್ನು ಕೊಲ್ಲುವ ಬೋನು ಹಿಡಿದು ನಿಂತಿದ್ದೆ.

ಹಸಿ ಮಣ್ಣು ಸೀಳಿ ಮೋಲಿನ ಎರಡು ಗುಲಾಬಿ ಬಣ್ಣದ ಕೈಗಳು ಹೊರಬಂದವು. ಈಜುವವರಂತೆ ಮಣ್ಣನ್ನು ಅತ್ತಿತ್ತ ತಳ್ಳಿ, ಮತ್ತೆ ಒಳಗಿಳಿದವು.

“ಕೂಸಿನ ಅಂಗೈ ಇದ್ದಂಗ ಅದಾವಲ್ಲೋ,” ಎಂದಳು ಅವ್ವ, ಮೆಲ್ಲಗೆ. “ಹಾವಲ್ಲ, ಆತು ಬಿಡು. ಹಾಲೆರದ ಮ್ಯಾಲ ಹೆಂಗ ಕೊಲ್ತಿ?”

ಬೋನು ಗ್ಯಾರೇಜು ಸೇರಿತು. ಲಾನಿನಲ್ಲೀಗ ಗುಡ್ಡೆಗಳು ಹೆಚ್ಚಿವೆ. ಬೆಳಿಗ್ಗೆ ಹುಲ್ಲಿಗಿಳಿದರೆ, ಕಾಲ ಕೆಳಗೆ ಆ ಕೈಗಳು ಕೆಲಸದಲ್ಲಿವೆ ಎಂದು ನೆನಪಾಗಿ ಹಗುರವಾಗಿ ಹೆಜ್ಜೆ ಇಡುತ್ತೇನೆ.