ಒಲ್ಲೆ ಅನ್ನಲು ತಿಕೋಟಾಕ್ಕೆ ಹೋದೆ

ಕಳೆದ ಭಾನುವಾರ ವಿಜಯಪುರದಿಂದ ಅಕ್ಕನ ಊರಾದ ತಿಕೋಟಾದವರೆಗೆ ಬಸ್ಸಿನಲ್ಲಿ ಒಂದೇ ವಾಕ್ಯವನ್ನು ಬಾಯಿಪಾಠ ಮಾಡುತ್ತ ಹೋದೆ. "ಯಕ್ಕಾ, ತಪ್ಪು ತಿಳ್ಕೋಬ್ಯಾಡ..." (ಪಕ್ಕದ ಸೀಟಿನ ಹೆಂಗಸು ಎದ್ದು ಬೇರೆ ಕಡೆ ಕೂತರು.)

ವಿಷಯ ಇಷ್ಟೇ. ನನ್ನ ಮಗಳು ತೊಟ್ಟಿಲಲ್ಲಿದ್ದಾಗ ಅವಳ ಕಿವಿಯಲ್ಲಿ ಹೆಸರು ಹೇಳಿದ ಸೋದರತ್ತೆ ನಮ್ಮಕ್ಕ. ಅವತ್ತೇ "ಇದು ನನ್ನ ಸೊಸಿ" ಎಂದು ರಿಸರ್ವ್ ಮಾಡಿಬಿಟ್ಟಿದ್ದಳು. ನಮ್ಮಲ್ಲಿ ಇದೇನು ಹೊಸದಲ್ಲ. ನನ್ನ ಹೆಂಡತಿಯೂ ಸೋದರಮಾವನ ಮಗಳೇ. ಈಗ ಮಗಳು ಹೈಸ್ಕೂಲ್ ಟೀಚರ್. ಅಕ್ಕನ ಮಗ ಬಸು ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾನೆ. ಬಂಗಾರದಂಥ ಹುಡುಗ.

ಆದರೆ ಮಗಳು ಕಡ್ಡಿ ಮುರಿದಂತೆ ಹೇಳಿದಳು: "ಅಪ್ಪಾ, ಸಾಲಿ ಸೂಟಿಗೆ ಅತ್ತಿ ಮನಿಗೆ ಹೋದಾಗೆಲ್ಲಾ ಅಂವನ ಜೋಡಿ ಜಗಳಾಡಿ ಬೆಳದೇನಿ. ಈಗ ಗಂಡ ಅಂತ ಹೆಂಗ ನೋಡ್ಲಿ? ನೀನ ಹೋಗಿ ಅತ್ತಿಗೆ ಒಲ್ಲೆ ಅಂತ ಹೇಳು."

ಹೇಳದಿದ್ದರೆ ಮಗಳ ಬಾಳು ಹಾಳು. ಹೇಳಿದರೆ ಇರುವ ಒಬ್ಬಳೇ ಅಕ್ಕನ ಮನೆಯ ಬಾಗಿಲು ಬಂದ್. ಹೆಣ್ಣು ಕೊಡಲಿಲ್ಲವೆಂದು ವರ್ಷಗಟ್ಟಲೆ ಮಾತು ಬಿಟ್ಟ ಒಡಹುಟ್ಟಿದವರನ್ನು ನಾನೇ ನೋಡಿದ್ದೇನೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು.

ಅಕ್ಕ ಸಜ್ಜಿ ರೊಟ್ಟಿ, ಎಣಗಾಯಿ ಬಡಿಸಿದಳು. (ತಿಂದ ಮೇಲೆ ಒಲ್ಲೆ ಅನ್ನುವುದು ಕಷ್ಟ ಎಂದು ಗೊತ್ತಿದ್ದೂ ಮೂರು ರೊಟ್ಟಿ ತಿಂದೆ.) ಇನ್ನೇನು ಗಂಟಲು ಸರಿಮಾಡಿಕೊಳ್ಳಬೇಕು, ಅಷ್ಟರಲ್ಲಿ ಅವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ತಮ್ಮಾ, ಸಿಟ್ಟಾಗಬ್ಯಾಡಪಾ. ಬಸೂಗ ಬಬಲೇಶ್ವರದಾಗ ಹುಡುಗಿ ನೋಡೀವಿ. ಹೊರಗಿನ ಸಂಬಂಧ. ನಿನಗ ಹೆಂಗ ಹೇಳ್ಲಿ ಅಂತ ಎಂಟ್ ದಿನದಿಂದ ನಿದ್ದಿ ಇಲ್ಲ ನೋಡು ನನಗ."

"ಯಾಕಬೇ ಯಕ್ಕಾ?"

"ನೀನ ಪೇಪರ್‌ನ್ಯಾಗ ಬರದಿದ್ದೆಲ್ಲೊ, ಸಂಬಂಧದಾಗ ಮದಿವಿ ಮಾಡಬ್ಯಾಡ್ರಿ ಅಂತ? ಬಸೂ ಓದಿ ಹೇಳಿದ. ನನಗೂ ಖರೇ ಅನಿಸ್ತು."

ಇಷ್ಟು ವರ್ಷ ಅಂಕಣ ಬರೆದು ಕೊನೆಗೂ ಒಬ್ಬರ ಮನಸ್ಸು ಬದಲಿಸಿದ್ದೆ. ಕುಣಿದಾಡಬೇಕಿತ್ತಲ್ಲವೇ ನಾನು? ಮೈಯೆಲ್ಲ ಉರಿದುಹೋಯಿತು.

"ಅಲ್ಲಬೇ, ನನಗ ಒಂದ್ ಮಾತು ಕೇಳಬೇಕಿತ್ತಿಲ್ಲೊ? ನನ್ನ ಮಗಳಿಗೆ ಏನ್ ಕಮ್ಮಿ ಆಗೇತಿ?" ಎಂದು ರೇಗಿಬಿಟ್ಟೆ.

ಅಕ್ಕ ಕೈ ಹಿಡಿದುಕೊಂಡು ಅತ್ತಳು. ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ! ನಾನು ಬಂದದ್ದು ಯಾಕೆ ಎಂಬುದನ್ನು ಮಾತ್ರ ಹೇಳಲಿಲ್ಲ. ನೀವೂ ಹೇಳಬೇಡಿ.

ಮನೆಗೆ ಬಂದು ವರದಿ ಒಪ್ಪಿಸಿದೆ. "ಕೇಳಲೇ ಇಲ್ಲೇನ್ರಿ ಅವರು? ನಾವೇನ್ ಕೊಡ್ತಿರಲಿಲ್ಲ ಬಿಡ್ರಿ, ಆದ್ರೂ ಕೇಳಬೇಕಿಲ್ಲೊ?" ಎಂದ ಹೆಂಡತಿ ಅಡುಗೆಮನೆಯ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಮಗಳಾದರೂ ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ಚಾಚಿದಳು. "ಹುಡುಗಿ ಫೋಟೊ ಕಳಿಸ್ಯಾರೇನು? ತೋರ್ಸು ಇಲ್ಲೆ."

ನನ್ನ ಮೊಬೈಲಿಗೆ ಅಕ್ಕ ಕಳಿಸಿದ್ದ ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು.

"ನನಗಿಂತ ಏನ್ ಛಲೋ ಅದಾಳಪ್ಪಾ ಇಕಿ?"

ಬೇಡವಾದ ಸಂಬಂಧವೇ ಇರಬಹುದು. ಆದರೆ ಬೇಡ ಅನ್ನುವವರು ನಾವೇ ಆಗಿರಬೇಕಲ್ಲವೇನ್ರಿ?