ಬಂಗಲೆ ಮಾರಾಟದ ಕಡೆಯ ಸಾಲು

"ಅಡುಗೆ ಭಟ್ರ ಮಗಳು ಬಿ.ಎ. ಪಾಸಾದ್ರೆ ನಾನು ಮೀಸೆ ಬೋಳಿಸ್ತೇನೆ" ಎಂದವರು ಬಂಗಲೆಯ ಕಾರ್ಯಸ್ಥರು. ಕಾಸರಗೋಡಿನ ನಮ್ಮ ಕಡೆಯವರೇ. ಅಪ್ಪನನ್ನು ಕೊಚ್ಚಿಗೆ ಕರೆತಂದವರೂ ಅವರೇ.

ವಿಲ್ಲಿಂಗ್ಡನ್ ಐಲ್ಯಾಂಡಿಗೆ ಎದುರಾಗಿ, ಹಿನ್ನೀರಿಗೆ ಮೆಟ್ಟಿಲು ಇಳಿಬಿಟ್ಟ ಹಳೆಯ ಬಂಗಲೆ. ಯಜಮಾನರು ಮದರಾಸಿನಲ್ಲಿದ್ದರು. ಹದಿನಾಲ್ಕು ಕೋಣೆಗಳಿಗೂ ಬೀಗ. ಹಿಂದಿನ ಅಡುಗೆಮನೆಯಲ್ಲಿ ಅಪ್ಪ, ನಾನು, ನನ್ನ ಪುಸ್ತಕಗಳು. ಅಮ್ಮ ಇರಲಿಲ್ಲ.

ಕೇರಳ ರಾಜ್ಯವಾಗಿ ಎರಡು ವರ್ಷವಾಗಿತ್ತು. ಬಂಗಲೆ ಮಾರಾಟಕ್ಕೆ ಬಂತು. ಸೋಮವಾರದಿಂದ ನನ್ನ ಕೊನೆಯ ವರ್ಷದ ಪರೀಕ್ಷೆ. ಅದರ ಹಿಂದಿನ ಶನಿವಾರವೇ ಕೊಳ್ಳುವವರು ನೋಡಲು ಬರುವವರಿದ್ದರು. ಆ ದಿನ ಬೆಳಿಗ್ಗೆ ಕಾರ್ಯಸ್ಥರು ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದ ತಂದರು.

"ಭಟ್ರೇ, ಇಲ್ಲೊಂದು ಹೆಬ್ಬೆಟ್ಟು ಒತ್ತಿ. ಕೊಳ್ಳುವವರಿಗೆ ತೋರಿಸ್ಲಿಕ್ಕೆ. ನೀವು ಬಾಡಿಗೆಗೆ ಇರುವವರಲ್ಲ, ಕೆಲಸದವರು ಅಂತ ಬರ್ದದ್ದು, ಅಷ್ಟೆ."

ನಾನು ಪಕ್ಕದಲ್ಲೇ ಇದ್ದೆ. ನನ್ನನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಪ್ಪನ ಹೆಬ್ಬೆರಳಿಗೆ ಆಗಲೇ ಶಾಯಿ ಹತ್ತಿತ್ತು. ಅದೇಕೋ ನನ್ನ ಕಡೆ ತಿರುಗಿದರು. "ಪೂರಾ ಓದು ಮಗಾ."

ಬಾಡಿಗೆಯವರಲ್ಲ ಎಂದು ಇದ್ದದ್ದು ನಿಜ. ಕಡೆಯ ಸಾಲಿನಲ್ಲಿ ಮಾತ್ರ, ನಾಳೆ ಸಂಜೆಯೊಳಗೆ ಸಾಮಾನು ಸಮೇತ ಜಾಗ ಬಿಡುತ್ತೇನೆ ಎಂದಿತ್ತು. ಕೊಚ್ಚಿಯಲ್ಲಿ ನಮಗೆ ಬೇರೆ ಸೂರಿರಲಿಲ್ಲ. ಊರಿಗೆ ಹೋದರೆ ನನ್ನ ಬಿ.ಎ. ಅಲ್ಲಿಗೇ ಮುಗಿಯಿತು.

"ನಿನ್ನ ಪರೀಕ್ಷೆಗೆ ಬಂಗಲೆ ಕಾದು ಕೂರ್ಬೇಕಾ ಕೂಸೇ?" ಎಂದರು ಕಾರ್ಯಸ್ಥರು.

ಅಷ್ಟರಲ್ಲಿ ಮೋಟಾರು ದೋಣಿಯ ಸದ್ದು. ಅವರು ಬಾಗಿಲಿಗೆ ಓಡಿ ಇಣುಕಿದರು. "ಬಂದೇ ಬಿಟ್ರು! ಮೊದ್ಲು ಚಾ ಇಡಿ ಭಟ್ರೇ."

ಅಪ್ಪ ಹೆಬ್ಬೆರಳನ್ನು ಪಂಚೆಗೆ ಒರೆಸಿ ಒಲೆಯ ಮುಂದೆ ಕೂತರು. ಬೆಂಕಿ ಹಚ್ಚಲಿಲ್ಲ. "ಇವಳ ಪರೀಕ್ಷೆ ಮುಗಿದ ಮರುದಿನ ಅಂತ ಬರೀರಿ. ಆಮೇಲೆ ಚಾ."

"ಎಂತ ಭಟ್ರೇ, ನಂಗೇ ಷರತ್ತಾ?"

ಅಪ್ಪ ಬೆಂಕಿಪೆಟ್ಟಿಗೆಯನ್ನು ಮಡಿಲಲ್ಲಿಟ್ಟು ಕೂತೇ ಇದ್ದರು. ದೋಣಿ ಮೆಟ್ಟಿಲಿಗೆ ತಾಗಿತು. ಕಾರ್ಯಸ್ಥರು ಆ ಸಾಲು ಹೊಡೆದುಹಾಕಿ ಹೊಸದು ಬರೆದರು. ನಾನು ಓದಿ ತಲೆಯಾಡಿಸಿದ ಮೇಲೆಯೇ ಅಪ್ಪ ಹೆಬ್ಬೆಟ್ಟು ಒತ್ತಿ ಒಲೆ ಹಚ್ಚಿದ್ದು.

ಬಂಗಲೆ ಮಾರಿಹೋಯಿತು. ಕೊನೆಯ ಪರೀಕ್ಷೆಯ ಮರುದಿನ ನಾವು ಹೊರಟೆವು. ತಿರುವನಂತಪುರದ ಉಳ್ಳೂರಿನ ಒಂದು ಮೆಸ್ಸಿನಲ್ಲಿ ಅಪ್ಪನಿಗೆ ಕೆಲಸ ಸಿಕ್ಕಿತು. ನಾನು ಪಾಸಾದೆ. ಆ ಮೀಸೆಯ ಗತಿ ಏನಾಯಿತೆಂದು ವಿಚಾರಿಸಲು ಹೋಗಲಿಲ್ಲ.

ಪದವಿ ಕೊಟ್ಟ ದಿನ ಅಪ್ಪ ವಿಶ್ವವಿದ್ಯಾಲಯದ ಗೇಟಿನ ಹೊರಗೆ ಕಾಯುತ್ತಿದ್ದರು. ಸರ್ಟಿಫಿಕೇಟನ್ನು ಅವರ ಕೈಗಿತ್ತೆ. ಹಿಂದೆ ಮುಂದೆ ತಿರುಗಿಸಿ ನೋಡಿ ನನಗೇ ಮರಳಿಸಿದರು.

"ಪೂರಾ ಓದು ಮಗಾ. ಕಡೆಯ ಸಾಲು ಬಿಡ್ಬೇಡ."