ಬೆಟ್ಟದ ಉಣ್ಣೆ

ಮನೆಗೊಂದೇ ಫೋನು, ಅದು ರಿಂಗಾದರೆ ಹಿರಿಯರೇ ಎತ್ತಬೇಕು ಎಂದಿದ್ದ ಕಾಲ ಅದು. ಚೆನ್ನೈನ ನುಂಗಂಬಾಕ್ಕದ ನಮ್ಮ ಮನೆಯಲ್ಲಿ ಆ ಅಧಿಕಾರ ದೊಡ್ಡಪ್ಪನದು. ಅಚ್ಚಗನ್ನಡದ ಅಧಿಕಾರವೂ ಅವರದೇ. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ಉಗುರಿನ ಕೊಳೆ ನೋಡುತ್ತಿದ್ದ ಹಾಗೆ, ದೊಡ್ಡಪ್ಪ ನಮ್ಮ ಮಾತಿನಲ್ಲಿ ತಮಿಳು ಹುಡುಕುತ್ತಿದ್ದರು.

ಒಂದು ಮೇ ತಿಂಗಳು, ತಮಿಳರು ಕತ್ತರಿ ಎನ್ನುವ ಸುಡುಬಿಸಿಲು ತಾಳಲಾರದೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟೆವು. ಚಾಮರಾಜನಗರದಿಂದ ಅಜ್ಜಿ ಫೋನ್ ಮಾಡಿ, ಕಾಡಿನಲ್ಲಿ ಈಗ ಉಣ್ಣೆ ಕಾಲ, ಮಕ್ಕಳು ಜೋಪಾನ ಎಂದರಂತೆ. ಅಜ್ಜಿ ಹೇಳಿದ್ದು ಮೈಗೆ ಕಚ್ಚಿಕೊಳ್ಳುವ ಹುಳುವನ್ನು. ದೊಡ್ಡಪ್ಪ ನಮಗೆಲ್ಲ ಉಣ್ಣೆಯ ಸ್ವೆಟರ್ ತೊಡಿಸಿದರು.

ಬೆಟ್ಟದ ಮೇಲೆ ಚಿತ್ರಾನ್ನ ತಿಂದು, ಒಣಹುಲ್ಲಿನ ಘಮದಲ್ಲಿ ಕಣ್ಣಾಮುಚ್ಚಾಲೆ ಆಡಿದೆವು. ಸಂಜೆ ನೋಡಿದರೆ ಸ್ವೆಟರಿನ ಹೆಣಿಗೆಯ ಸಂದುಗಳಲ್ಲಿ ರಾಗಿಕಾಳಿನಂಥ ಕಂದು ಚುಕ್ಕೆಗಳು ಮೆಲ್ಲಗೆ ಹರಿಯುತ್ತಿದ್ದವು. ದೊಡ್ಡವು ಬರುವುದು ಮಳೆ ಬಿದ್ದ ಮೇಲಂತೆ. ಬೇಸಿಗೆಯವು ಮರಿಗಳು, ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಐದು ವರ್ಷದ ತಮ್ಮ ಕಿಟ್ಟು ಕಿವಿಯ ಹಿಂದೆ ಬೆರಳಿಟ್ಟುಕೊಂಡು ಬಂದ. "ದೊಡ್ಡಪ್ಪ, ಇಲ್ಲಿ ಉಣ್ಣಿ ಕಚ್ತಿದೆ." ಬೀದಿನಾಯಿಯ ಮೈಮೇಲೆ ತೋರಿಸಿ ಗೆಳೆಯರು ಕಲಿಸಿದ್ದ ತಮಿಳು ಪದ.

"ಕನ್ನಡದಲ್ಲಿ ಹೇಳು, ನೋಡ್ತೀನಿ."

ಮಗುವಿಗೆ ಆ ಪದ ಗೊತ್ತಿರಲಿಲ್ಲ. ಕೇಳಿದ ಪಂಡಿತರಿಗೂ ಗೊತ್ತಿರಲಿಲ್ಲ. ಕಿಟ್ಟು ಕಿವಿ ಹಿಡಿದುಕೊಂಡೇ ಹೋಗಿ ಮಲಗಿದ.

ಬೆಳಿಗ್ಗೆ ಅಮ್ಮ ತಲೆ ಬಾಚುವಾಗ ಅವನ ಕಿವಿಯ ಹಿಂದೆ ಊದಿತ್ತು, ಮೈ ಸುಡುತ್ತಿತ್ತು. ರಕ್ತ ಕುಡಿದು ಉಬ್ಬಿದ್ದ ಹುಳುವನ್ನು ಅಮ್ಮ ಕಿತ್ತು, ದೊಡ್ಡಪ್ಪನ ಕಾಫಿ ಲೋಟದ ಪಕ್ಕದಲ್ಲೇ ಇಟ್ಟರು. "ಅತ್ತೆ ಹೇಳಿದ ಉಣ್ಣೆ ಇದು, ಭಾವ."

"ಅದು ಹಳ್ಳಿ ಮಾತು ಕಣಮ್ಮ. ಗ್ರಂಥದಲ್ಲಿ ಉಣ್ಣೆ ಅಂದ್ರೆ ಕುರಿ ತುಪ್ಪಟ."

ಹೆತ್ತ ತಾಯಿಯ ಮಾತು ಅವರಿಗೆ ಹಳ್ಳಿ ಮಾತು. ಮಗುವಿನ ಹಣೆ ಮುಟ್ಟಿಯೂ ನೋಡಲಿಲ್ಲ; ಬೇರೆ ಕಾಫಿ ತರಲು ಹೇಳಿದರು.

ಜ್ವರವೇನೋ ಚೆನ್ನೈಗೆ ಮರಳಿ ಔಷಧಿ ಕೊಡಿಸಿದ ಮೇಲೆ ಇಳಿಯಿತು. ಕಿಟ್ಟು ಮಾತ್ರ ದೊಡ್ಡಪ್ಪ ಏನು ಕೇಳಿದರೂ ತಮಿಳಿನಲ್ಲೇ ಉತ್ತರಿಸತೊಡಗಿದ. ಆಮೇಲೆ ಅಪ್ಪ ಅಮ್ಮನಿಗೂ, ಕಡೆಗೆ ನನಗೂ. ಚೆನ್ನೈ ಶಾಲೆಗಳೇ ಹುಡುಗನನ್ನು ಕೆಡಿಸಿದವು ಎಂದು ದೊಡ್ಡಪ್ಪ ಕೊನೆಯವರೆಗೂ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ನಿದ್ದೆ ಬರುವವರೆಗೂ ನನ್ನ ಪಕ್ಕದಲ್ಲಿ ಮಲಗಿ ಕನ್ನಡದಲ್ಲಿ ಪಟಪಟ ಹರಟುತ್ತಿದ್ದ ಆ ತಮ್ಮ ನನಗೆ ಮತ್ತೆ ಸಿಗಲಿಲ್ಲ. ಈಗ ಅವನ ಮಗಳು ನನ್ನನ್ನು ತಮಿಳಿನಲ್ಲಿ 'ಅತ್ತೈ' ಎಂದು ಕರೆಯುತ್ತಾಳೆ. 'ಅತ್ತೆ' ಅಂತ ಹೇಳು ಮರಿ, ಎಂದು ಎಷ್ಟೋ ಸಲ ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಂಡು, ಏನಮ್ಮಾ ಎನ್ನುತ್ತೇನೆ.